ಮೆಣಸಿನ ಕುಡಿ ಬೇರು ಬಿಡುತ್ತಿಲ್ಲವೇ? ತಾಯಿ ಬಳ್ಳಿಯಿಂದ ಶುರು ಮಾಡಿ

ಕೆಲವು ವರ್ಷದ ಹಿಂದೆ ಮಾರ್ಚ್‌ನಲ್ಲಿ 600 ತೊಟ್ಟೆಗೆ (ನರ್ಸರಿಯ ಪ್ಲಾಸ್ಟಿಕ್ ಚೀಲಕ್ಕೆ) ಕಾಳುಮೆಣಸಿನ ಕುಡಿ ಊರಿದ್ದೆ. ಮೇ ಮುಗಿಯುವಾಗ ಜೀವ ಉಳಿದದ್ದು 170. ಮಣ್ಣಿನ ತಪ್ಪು ಅಂದೆ, ಮರಳಿನ ತಪ್ಪು ಅಂದೆ, ನೀರು ಹಾಕುವ ಹುಡುಗನಿಗೂ ನಾಲ್ಕು ಮಾತು ಅಂದೆ. ಆಮೇಲೆ ಸತ್ತ ಕುಡಿಯೊಂದನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಮಣ್ಣೊಳಗಿದ್ದ ಗೆಣ್ಣು ಬೆಂದ ಬಸಳೆ ದಂಟಿನ ಹಾಗೆ ಆಗಿತ್ತು. ಒತ್ತಿದರೆ ಸಿಪ್ಪೆ ಬೇರೆ, ನಾರು ಬೇರೆ.

ತಪ್ಪು ನನ್ನದೇ. ಆ ವರ್ಷ ಕುಡಿ ಜಾಸ್ತಿ ಬರಲಿ ಅಂತ ಹಿಂದಿನ ಡಿಸೆಂಬರ್‌ನಿಂದ ತಾಯಿ ಬಳ್ಳಿಗಳ ಬುಡಕ್ಕೆ ಹದಿನೈದು ದಿನಕ್ಕೊಮ್ಮೆ ಯೂರಿಯಾ ನೀರು ಹೊಯ್ದಿದ್ದೆ. ಕುಡಿಗಳೇನೋ ಬಂದವು. ಉದ್ದ, ಹಸಿರು, ದೃಷ್ಟಿ ತಾಗುವ ಹಾಗೆ. ಒಳಗೆ ಮಾತ್ರ ಬರೀ ನೀರು. ಬಳ್ಳಿಯಿಂದ ಕತ್ತರಿಸಿದ ಕುಡಿ ತನ್ನ ಬೇರು ಬಿಡುವವರೆಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ದಿನ ದೂಡಬೇಕು. ನಾನು ಕಟ್ಟಿಸಿದ್ದು ನೀರು ಮಜ್ಜಿಗೆಯ ಬುತ್ತಿ.

ಈಗ ಕುಡಿ ಹೋದರೆ ನಾನು ಮೊದಲು ತೊಟ್ಟೆ ಕೆದಕುವುದಿಲ್ಲ. ತಾಯಿ ಬಳ್ಳಿಯ ಹತ್ತಿರ ಹೋಗುತ್ತೇನೆ. ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಅಡಿಕೆ ತೋಟದಲ್ಲಿ ಮೆಣಸು ಹಬ್ಬಿಸಿ, ವರ್ಷಕ್ಕೆ ಕೆಲವು ನೂರು ಗಿಡ ಮಾಡಿಕೊಳ್ಳುವ ನಮ್ಮಂಥ ಮಲೆನಾಡಿನವರಿಗೆ ಇದು ಸಾಕು.

ತಪ್ಪು ತಾಯಿಯದ್ದಾ, ತೊಟ್ಟೆಯದ್ದಾ?

ಇದು ಗೊತ್ತಾಗಬೇಕಾದರೆ ಯಾವ ಕುಡಿ ಯಾವ ಬಳ್ಳಿಯದ್ದು ಅನ್ನುವುದು ಗೊತ್ತಿರಬೇಕು. ಹಳೇ ಸೀರೆಯ ಅಂಚು ಹರಿದು ತಾಯಿ ಬಳ್ಳಿಗೊಂದು ಬಣ್ಣ ಕಟ್ಟಿ. ಆ ಬಳ್ಳಿಯ ಕುಡಿ ಊರಿದ ತೊಟ್ಟೆಗಳ ಸಾಲಿಗೂ ಅದೇ ಬಣ್ಣದ ಚೂರು ಕಟ್ಟಿ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಮುಂದಿನ ಯಾವ ಪರೀಕ್ಷೆ ಮಾಡಿದರೂ ಸುಮ್ನೆ ಊಹೆ.

ಕೆಂಪು ಸಾಲು ಪೂರ್ತಿ ಹೋಗಿ ಪಕ್ಕದ ಹಳದಿ ಸಾಲು ಚೆನ್ನಾಗಿದ್ದರೆ ಅನುಮಾನ ಕೆಂಪು ಬಳ್ಳಿಯ ಮೇಲೆ. ಎಲ್ಲ ಬಣ್ಣದಲ್ಲೂ ಒಂದೇ ಮೂಲೆಯ ತೊಟ್ಟೆಗಳು ಹೋಗಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ, ಇಲ್ಲವೇ ಮಧ್ಯಾಹ್ನದ ಬಿಸಿಲು ಬೀಳುತ್ತಿದೆ. ಎಲ್ಲ ಬಣ್ಣದಲ್ಲೂ ಎಲ್ಲ ಕಡೆಯೂ ಹೋಗಿದ್ದರೆ? ಆಗ ಎರಡೂ ನೋಡಬೇಕು. ಎಲ್ಲ ತಾಯಿಗಳಿಗೂ ಒಂದೇ ತಪ್ಪು ಊಟ ಹಾಕಿರುವ ಸಾಧ್ಯತೆಯೂ ಇದೆ. ನನ್ನ 600 ತೊಟ್ಟೆಯ ಕಥೆ ಅದೇ.

ಕುಡಿ ಮಣ್ಣೊಳಗೇ ಕಪ್ಪಾಗಿ ಕೊಳೆಯುತ್ತದೆ

ತಾಯಿಯಲ್ಲಿ ಇನ್ನೂ ಉಳಿದಿರುವ ಹಬ್ಬು ಕುಡಿಯೊಂದನ್ನು ಹಿಡಿಯಿರಿ. ಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಹರಿಯುತ್ತದಲ್ಲ, ಅದು. ತುದಿಯಿಂದ ಏಳೆಂಟು ಗೆಣ್ಣು ಹಿಂದೆ ಬಂದು, ಎರಡು ಗೆಣ್ಣಿನ ನಡುವೆ ಹೆಬ್ಬೆರಳಿನ ಉಗುರು ಒತ್ತಿ. ಉಗುರು ಬೆಣ್ಣೆಗೆ ಹೋದ ಹಾಗೆ ಹೋಗಿ ನೀರು ಜಿನುಗಿದರೆ ಕುಡಿ ಎಳಸು. ಸ್ವಲ್ಪ ತಡೆದು ಆಮೇಲೆ ಗುರುತು ಬಿದ್ದರೆ ಹದ. ಉಗುರೇ ಜಾರಿದರೆ ಬಲಿತದ್ದು.

ಏಳೆಂಟು ಗೆಣ್ಣು ಹಿಂದೆಯೂ ಎಳಸಾಗಿದ್ದರೆ ಕಾರಣ ಎರಡರಲ್ಲಿ ಒಂದು. ಸಾರಜನಕ ಜಾಸ್ತಿ ಆಗಿದೆ, ಇಲ್ಲವೇ ಬೆಳಕು ಕಮ್ಮಿ ಆಗಿದೆ. ಎರಡರಲ್ಲೂ ಗೆಣ್ಣಿನ ನಡುವಿನ ಅಂತರ ಉದ್ದವಾಗುತ್ತದೆ. ಹಾಗಾಗಿ ಅಂತರ ಅಳೆದು ತೀರ್ಮಾನ ಮಾಡಬೇಡಿ, ಎಲೆ ನೋಡಿ. ಯೂರಿಯಾ ಜಾಸ್ತಿಯಾದ ಬಳ್ಳಿಯ ಎಲೆ ದೊಡ್ಡದು, ಕಡು ಹಸಿರು, ಮೆತ್ತಗೆ ಜೋತು ಬಿದ್ದಿರುತ್ತದೆ. ಕುಡಿಯೂ ದಪ್ಪ. ಬೆಳಕಿಲ್ಲದ ಬಳ್ಳಿಯ ಎಲೆ ತೆಳ್ಳಗೆ, ಕುಡಿ ಸಪೂರ, ತುದಿಯೆಲ್ಲ ಒಂದೇ ದಿಕ್ಕಿಗೆ ಬೆಳಕು ಹುಡುಕಿಕೊಂಡು ಓಡುತ್ತಿರುತ್ತದೆ. ಪಣಿಯೂರು-1 ಇಟ್ಟುಕೊಂಡವರು ಬೆಳಕಿನ ವಿಷಯ ಇನ್ನೂ ಗಮನಿಸಬೇಕು. ಆ ತಳಿಗೆ ದಟ್ಟ ನೆರಳು ಆಗುವುದಿಲ್ಲ.

ಮೊದಲನೆಯದಕ್ಕೆ ಮದ್ದು ಅಂದರೆ ಕೈ ಕಟ್ಟಿ ಕೂರುವುದು. ಯೂರಿಯಾ ಪೂರ್ತಿ ನಿಲ್ಲಿಸಿ, ಒಂದು ಸಲ ಪೊಟ್ಯಾಷ್ ಕೊಟ್ಟು, ಕುಡಿ ಬಲಿಯುವವರೆಗೆ ಕಾಯಿರಿ. ಫೆಬ್ರವರಿಯಲ್ಲಿ ಎಳಸಿದ್ದರೆ ಮಾರ್ಚ್ ಕೊನೆಗೆ ಕೊಯ್ಯಿರಿ, ಏನೂ ಹಾಳಾಗುವುದಿಲ್ಲ. ಎರಡನೆಯದಕ್ಕೆ ನೆರಳು ಕೊಡುವ ಹಾಲುವಾಣ ಮರದ ಗೆಲ್ಲು ಸವರಿ, ಕೆಳಗೆ ಚದುರಿದ ಬೆಳಕು ಬೀಳುವ ಹಾಗೆ ಮಾಡಿ. ಒಂದೇ ದಿನ ಬೋಳು ಮಾಡಿಬಿಟ್ಟರೆ ಎಲೆ ಸುಡುತ್ತದೆ.

ತಾಯಿ ಸರಿ ಇದ್ದೂ ಕುಡಿ ಕೊಳೆತರೆ ಕುಡಿಯ ಯಾವ ಭಾಗ ತೆಗೆದಿರಿ ಅಂತ ನೆನಪು ಮಾಡಿಕೊಳ್ಳಿ. ಉದ್ದ ಕುಡಿಯನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲೇ ಒಳ್ಳೆಯದು. ತುದಿ ಕೊಳೆಯುತ್ತದೆ, ಬುಡ ಬೇರು ಬಿಡಲು ಸತಾಯಿಸುತ್ತದೆ. ಕುಡಿ ಕಮ್ಮಿ ಇದ್ದಾಗ ತುದಿಯನ್ನೂ ಊರಿ ಬಿಡೋಣ ಅನ್ನಿಸುತ್ತದೆ. ಅಲ್ವಾ? ಅದೇ ತುದಿ ಮೊದಲು ಕೊಳೆತು ಪಕ್ಕದ್ದಕ್ಕೂ ಅಂಟಿಸುತ್ತದೆ.

ಇನ್ನೊಂದು ಕೊಳೆ ಇದೆ. ಅದು ಎಳಸುತನದ್ದಲ್ಲ, ಸೊರಗು ರೋಗದ ಶಿಲೀಂಧ್ರದ್ದು. ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಕುಡಿಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕಪ್ಪು ಚುಕ್ಕೆ, ಅಂಚು ಬತ್ತಿಯ ಎಳೆ ಬಿಚ್ಚಿದ ಹಾಗೆ, ದಿನದಿಂದ ದಿನಕ್ಕೆ ಹರಡುತ್ತದೆ. ಈ ಗುರುತು ಕಂಡ ಬಳ್ಳಿಯಿಂದ ಆ ವರ್ಷ ಒಂದು ಕುಡಿಯನ್ನೂ ತೆಗೆಯಬೇಡಿ. ಇದಕ್ಕಾಗಿಯೇ ಹಿಂದಿನವರು ತಾಯಿ ಬಳ್ಳಿಯ ಹಬ್ಬು ಕುಡಿಗಳನ್ನು ನೆಲಕ್ಕೆ ಬಿಡದೆ ಬುಡದಲ್ಲಿ ಗೂಟ ನೆಟ್ಟು ಸಿಂಬಿಯ ಹಾಗೆ ಸುತ್ತಿ ಇಡುತ್ತಿದ್ದರು. ನೆಲದಲ್ಲೇ ಬೇರು ಬಿಟ್ಟ ಕುಡಿಯನ್ನು ಎಳೆಯುವಾಗ ಗೆಣ್ಣು ಹರಿಯುವುದೂ ತಪ್ಪುತ್ತದೆ.

ಕುಡಿ ಹಸಿರಾಗೇ ಇದೆ, ಬೇರು ಮಾತ್ರ ಇಲ್ಲ

ಎರಡು ತಿಂಗಳಾದರೂ ಕುಡಿ ಸತ್ತಿಲ್ಲ, ಚಿಗುರಿಯೂ ಇಲ್ಲ. ಕಿತ್ತು ನೋಡಿದರೆ ಊರಿದ ದಿನ ಹೇಗಿತ್ತೋ ಹಾಗೇ ಇದೆ. ಇದು ಬಲಿತ ಕುಡಿಯ ಲಕ್ಷಣ, ಅಥವಾ ಬಳಲಿದ ತಾಯಿಯ ಲಕ್ಷಣ.

ತಾಯಿ ಬಳಲುವುದು ಹೇಗೆ? ಒಳ್ಳೇ ಫಸಲು ಬಂದ ಬಳ್ಳಿಯನ್ನೇ ನಾವು ಕುಡಿಗೆ ಆರಿಸುತ್ತೇವೆ. ಅದು ಸರಿಯೇ. ಆದರೆ ಆ ಬಳ್ಳಿ ಈಗಷ್ಟೇ ಕಾಳು ಬಲಿಸಿ ಕೊಟ್ಟಿದೆ. ಕಾಳು ಕೊಯ್ದ ಬೆನ್ನಿಗೇ ಕುಡಿಯನ್ನೂ ಕತ್ತರಿಸಿ ಒಯ್ಯುತ್ತೇವೆ. ಅದರ ಊಟದ ಲೆಕ್ಕ ಕುಡಿ ತೆಗೆಯುವ ತಿಂಗಳಲ್ಲಲ್ಲ, ಹಿಂದಿನ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಆಗಿರಬೇಕು. ಮೂರು ವರ್ಷ ದಾಟಿದ ಬಳ್ಳಿಗೆ ವರ್ಷಕ್ಕೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ ಅಂತ ಒಂದು ಶಿಫಾರಸು ಇದೆ. ಮೇ-ಜೂನ್‌ನಲ್ಲಿ ಅರ್ಧ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅರ್ಧ. ಪೊಟ್ಯಾಷ್ ಸಾರಜನಕಕ್ಕಿಂತ ಜಾಸ್ತಿ ಇದೆ, ಗಮನಿಸಿ. ನಮ್ಮಲ್ಲಿ ಎರಡನೇ ಕಂತು ತಪ್ಪುವುದು ಮಾಮೂಲು. ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿ, ಬಿಡದ ಮಳೆ, ಆಮೇಲೆ ಮರೆತೇ ಹೋಗುತ್ತದೆ.

ಬೇರು ಬರಿಸುವ ಹಾರ್ಮೋನ್ ಐಬಿಎ 1000 ಪಿಪಿಎಂ (ಲೀಟರ್‌ಗೆ 1 ಗ್ರಾಂ) ದ್ರಾವಣದಲ್ಲಿ ಕುಡಿಯ ಬುಡ 45 ಸೆಕೆಂಡ್ ಅದ್ದಿದರೆ ಹದದ ಕುಡಿ ಬೇಗ ಬೇರು ಬಿಡುತ್ತದೆ. ಬಳಲಿದ ತಾಯಿಯ ಕುಡಿಗೆ ಅದರಿಂದ ದೊಡ್ಡ ಉಪಕಾರ ನಾನು ಕಂಡಿಲ್ಲ.

ತಾಯಿ ಬಳ್ಳಿಯೇ ಹಳದಿ

ಎಲ್ಲರೂ ಎಡವುವುದು ಇಲ್ಲಿ. ಹಳದಿ ಕಂಡ ಕೂಡಲೇ ಗೊಬ್ಬರದ ಚೀಲ ಬಿಚ್ಚುತ್ತೇವೆ. ಪರಿಚಯದವರೊಬ್ಬರು ಒಂದು ಬಳ್ಳಿಗೆ ಎರಡು ವರ್ಷ ಗೊಬ್ಬರ ಹಾಕಿದರು. ಅದು ಇನ್ನೂ ಹಳದಿಯಾಯಿತು. "ಏನು ಹಾಕಿದರೂ ತಿನ್ನುತ್ತದೆ ಮಾರಾಯ, ಮೈಗೆ ಹತ್ತುವುದಿಲ್ಲ" ಅಂದರು. "ತಿನ್ನುವ ಬಾಯಿ ಇದೆಯಾ ನೋಡೋಣ ಬನ್ನಿ" ಅಂತ ಬುಡದಿಂದ ಒಂದು ಗೇಣು ದೂರದಲ್ಲಿ ಕೈಯಲ್ಲೇ ಮಣ್ಣು ಬಿಡಿಸಿದೆವು. ಸಿಕ್ಕಿದ ಬೇರುಗಳನ್ನು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆದೆವು. ನೂಲಿನಂಥ ಬಿಳಿ ಬೇರು ಒಂದೂ ಇರಲಿಲ್ಲ. ಉಳಿದ ಬೇರುಗಳಲ್ಲಿ ಸಾಸಿವೆ ಪೋಣಿಸಿದ ಹಾಗೆ ಗಂಟು. ಬೇರುಗಂಟು ಜಂತುಹುಳು. ಅವರು ಎರಡು ವರ್ಷದಿಂದ ಅದೇ ಬಳ್ಳಿಯ ಕುಡಿ ತೆಗೆದು ನೆಲದಲ್ಲೇ ಪಾತಿ ಮಾಡಿ ಬೇರು ಬರಿಸುತ್ತಿದ್ದರು. ಜಂತುಹುಳು ಗಿಡದ ಜೊತೆಗೇ ಹೊಸ ತೋಟಕ್ಕೂ ಹೋಗಿತ್ತು.

ಹಾಗಾಗಿ ಹಳದಿ ಕಂಡರೆ ಗೊಬ್ಬರಕ್ಕಿಂತ ಮೊದಲು ಬೇರು. ಬಿಳಿ ತುದಿಯ ಸಣ್ಣ ಬೇರು ಧಾರಾಳ ಇದ್ದರೆ ನಿಶ್ಚಿಂತೆ, ಇದು ಹಸಿವೇ. ಗಂಟಿದ್ದರೆ ಒಂದು ಜಾತಿಯ ಜಂತುಹುಳು. ಗಂಟಿಲ್ಲದೆ ಕಂದು-ಕಿತ್ತಳೆ ಕಲೆ ಬಿದ್ದು ಸಣ್ಣ ಬೇರು ಸವೆದಿದ್ದರೆ ಬೇರು ಕೊರೆಯುವ ಇನ್ನೊಂದು ಜಾತಿ. ಕಪ್ಪಾಗಿ ಲೋಳೆಯಾಗಿ ಸಿಪ್ಪೆ ಕಳಚಿದರೆ ಕೊಳೆ. ಬೇರಿನ ನಡುವೆ ಬಿಳಿ ಹಿಟ್ಟು ಮೆತ್ತಿದ ಹಾಗಿದ್ದು ಇರುವೆ ಓಡಾಡುತ್ತಿದ್ದರೆ ಹಿಟ್ಟು ತಿಗಣೆ. ಈ ನಾಲ್ಕರಲ್ಲಿ ಯಾವುದೇ ಇದ್ದರೂ ಆ ಬಳ್ಳಿ ತಾಯಿ ಪಟ್ಟಕ್ಕೆ ಲಾಯಕ್ಕಲ್ಲ. ಫಸಲಿಗಾಗಿ ಚಿಕಿತ್ಸೆ ಮಾಡಿ ಉಳಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಬೇವಿನ ಹಿಂಡಿ, ಟ್ರೈಕೋಡರ್ಮಾ, ಪೊಕೋನಿಯಾ ಎಂಬ ಒಳ್ಳೇ ಶಿಲೀಂಧ್ರಗಳನ್ನು ಹಾಕಿ ನೋಡಿ. ಹಳೇ ಪುಸ್ತಕಗಳಲ್ಲಿ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕಿ ಅಂತ ಇರುತ್ತದೆ. ಅದು ಈಗ ನಿಷೇಧ.

ಬೇರು ಚೆನ್ನಾಗಿದ್ದರೆ ಮಾತ್ರ ಎಲೆ ಓದಲು ಕೂತುಕೊಳ್ಳಿ. ಹಳೇ ಎಲೆ ಮೊದಲು ಹಳದಿಯಾಯಿತಾ, ಹೊಸ ಎಲೆಯಾ? ಇದೊಂದೇ ಪ್ರಶ್ನೆ ಅರ್ಧ ದಾರಿ ಕಳೆಯುತ್ತದೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಮ್ಮಿಯಾದಾಗ ಬಳ್ಳಿ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಳೇ ಎಲೆ ಇಡೀ ಸಮನಾಗಿ ತಿಳಿ ಹಳದಿಯಾದರೆ ಸಾರಜನಕ. ನರಗಳು ಹಸಿರು ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ. ತುದಿ ಮತ್ತು ಅಂಚು ಸುಟ್ಟ ಹಾಗೆ ಒಣಗಿದರೆ ಪೊಟ್ಯಾಷ್. ಕಬ್ಬಿಣ, ಸತು ಹಾಗಲ್ಲ. ಒಮ್ಮೆ ಎಲೆಗೆ ಹೋದರೆ ಅಲ್ಲೇ ಕೂರುತ್ತವೆ, ಹಾಗಾಗಿ ಹೊಸ ಎಲೆಯೇ ಉಪವಾಸ ಬೀಳುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಬ್ಬಿಣದ ಕೊರತೆ ಅಪರೂಪ. ಆದರೆ ಬುಡಕ್ಕೆ ಸುಣ್ಣ ಗುಡ್ಡೆ ಹಾಕಿದಲ್ಲಿ ಚಿಗುರೆಲೆ ಬಿಳಿಚಿ, ನರ ಮಾತ್ರ ಹಸಿರಾಗಿ ನಿಂತದ್ದನ್ನು ಕಂಡಿದ್ದೇನೆ. ಸುಣ್ಣ ಬೇಕು, ಎರಡು ವರ್ಷಕ್ಕೊಮ್ಮೆ ಬಳ್ಳಿಗೆ ಅರ್ಧ ಕಿಲೋ, ಏಪ್ರಿಲ್-ಮೇಯಲ್ಲಿ, ಸುತ್ತ ಹರಡಿ. ಅದೇ ವಾರ ಯೂರಿಯಾ ಹಾಕಬೇಡಿ, ಸಾರಜನಕ ಆವಿಯಾಗಿ ಗಾಳಿಗೆ ಹೋಗುತ್ತದೆ.

ಒಂದೇ ಪಕ್ಕದ ಎಲೆ, ಅದೂ ಪಡುವಣ ಬಿಸಿಲು ಬೀಳುವ ಪಕ್ಕ ಮಾತ್ರ ಹಳದಿಯಾದರೆ ಅದು ಹಸಿವಲ್ಲ, ಬಿಸಿಲು. ಎಲೆ ತಿರುವಿ ನೆರಳಿನ ಭಾಗ ನೋಡಿ. ಮೇಲಿನ ಎಲೆ ಅಡ್ಡ ಬಂದ ಕಡೆ ಅದರ ಆಕಾರದಲ್ಲೇ ಹಸಿರು ಉಳಿದಿರುತ್ತದೆ.

ಸಣ್ಣ ಎಲೆ, ಗಿಡ್ಡ ಗೆಣ್ಣು: ಸತುವಾ, ನಂಜಾ?

ಇದನ್ನು ಬೇರೆಯಾಗಿ ಬರೆಯುವುದಕ್ಕೆ ಕಾರಣ ಇದೆ. ಮೇಲೆ ಹೇಳಿದ ತಪ್ಪುಗಳಲ್ಲಿ ಒಂದು ವರ್ಷದ ಕುಡಿ ಹೋಗುತ್ತದೆ. ಇಲ್ಲಿ ತಪ್ಪಿದರೆ ರೋಗವನ್ನೇ ಗಿಡ ಮಾಡಿ ನೆಟ್ಟ ಹಾಗೆ.

ಸತುವಿನ ಕೊರತೆಯಲ್ಲೂ ಹೊಸ ಎಲೆ ಸಣ್ಣ, ಸಪೂರ, ಗೆಣ್ಣಿನ ಅಂತರ ಗಿಡ್ಡ. ನಂಜು ರೋಗದಲ್ಲೂ, ಅಂದರೆ ವೈರಸ್ಸಿನ ಕುಬ್ಜ ರೋಗದಲ್ಲೂ ಅದೇ. ದೂರದಿಂದ ಎರಡೂ ಅಣ್ಣತಮ್ಮಂದಿರು. ಹತ್ತಿರ ಹೋಗಿ ಎಲೆಯನ್ನು ಆಕಾಶಕ್ಕೆ ಹಿಡಿಯಿರಿ. ಸತುವಿನದ್ದಾದರೆ ಹಳದಿಗೆ ಒಂದು ಶಿಸ್ತು ಇರುತ್ತದೆ. ನಡುನರದ ಎರಡೂ ಕಡೆ ಒಂದೇ ರೀತಿ. ನಂಜಿನದ್ದಕ್ಕೆ ಶಿಸ್ತಿಲ್ಲ. ಅಲ್ಲಿ ಹಳದಿ ಮಚ್ಚೆ, ಇಲ್ಲಿ ಹಸಿರು ಮಚ್ಚೆ, ಒಂದು ಕಡೆ ಸುಕ್ಕು, ಎಲೆ ಸೊಟ್ಟ. ಆಮೇಲೆ ಸುತ್ತಲಿನ ಬಳ್ಳಿ ನೋಡಿ. ಸತು ಕಮ್ಮಿ ಇದ್ದರೆ ಆ ಇಡೀ ಸಾಲು, ಆ ಇಡೀ ಮಣ್ಣು ಅದೇ ಕಥೆ ಹೇಳುತ್ತದೆ. ನಂಜು ಒಂದು ಬಳ್ಳಿಯಲ್ಲಿದ್ದು ಪಕ್ಕದ್ದು ಗುಂಡುಕಲ್ಲಿನ ಹಾಗಿರಬಹುದು.

ಇಷ್ಟಾದರೂ ಅನುಮಾನ ಉಳಿದರೆ ಮೆಣಸಿನ ಲಘು ಪೋಷಕಾಂಶದ ಮಿಶ್ರಣ ಲೀಟರ್‌ಗೆ 5 ಗ್ರಾಂ ಕರಗಿಸಿ ಸಿಂಪಡಿಸಿ. ಎರಡು ತಿಂಗಳು ಕಾದು, ಆಮೇಲೆ ಬಂದ ಹೊಸ ಎಲೆ ನೋಡಿ. ಅಗಲವಾಗಿ, ಸಮ ಹಸಿರಾಗಿ ಬಂದರೆ ಸತುವೇ. ಮತ್ತೆ ಮಚ್ಚೆ ಮಚ್ಚೆಯೇ ಬಂದರೆ ಬಳ್ಳಿ ಕಿತ್ತು ಸುಡಿ. ನಂಜಿಗೆ ಮದ್ದಿಲ್ಲ. ಅದು ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹಿಟ್ಟು ತಿಗಣೆ, ಗಿಡಹೇನಿನ ಮೂಲಕ ಹೋಗುತ್ತದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ನಮ್ಮ ಕುಡಿಯ ಮೂಲಕ. ಪರೀಕ್ಷೆಯ ಆ ಎರಡು ತಿಂಗಳು ಈ ಬಳ್ಳಿಯ ಕುಡಿ ಯಾರು ಕೇಳಿದರೂ ಕೊಡಬೇಡಿ, ನೆಂಟರಾದರೂ.

ತೊಟ್ಟೆಯಲ್ಲೇ ಇಟ್ಟ ತಾಯಿಗೆ ಊಟ ಎಷ್ಟು?

ತೋಟದ ಬಳ್ಳಿ ನಂಬದೆ, ಶೇಡ್‌ನೆಟ್ ಕೆಳಗೆ ತಾಯಿಯನ್ನು ದೊಡ್ಡ ತೊಟ್ಟೆಯಲ್ಲಿ ಇಟ್ಟು ಸರ್ಪೆಂಟೈನ್ ವಿಧಾನದಲ್ಲಿ ಗಿಡ ಮಾಡುವವರು ಈಗ ಜಾಸ್ತಿ. ಬಳ್ಳಿ ಮುಂದೆ ಹರಿದ ಹಾಗೆ ಪ್ರತಿ ಗೆಣ್ಣಿನ ಕೆಳಗೆ ಒಂದು ತೊಟ್ಟೆ ಇಟ್ಟು, ತೆಂಗಿನ ಗರಿಯ ಕಡ್ಡಿ ಮಡಚಿ ಗೆಣ್ಣನ್ನು ಮಣ್ಣಿಗೆ ಒತ್ತುವುದು. ಒಂದು ತಾಯಿಯಿಂದ ವರ್ಷಕ್ಕೆ ಸುಮಾರು 60 ಗಿಡ ಸಿಗುತ್ತದೆ.

ಇದಕ್ಕೆ ಹೇಳುವ ದ್ರಾವಣ ಹೀಗಿದೆ: 250 ಲೀಟರ್ ನೀರಿಗೆ ಯೂರಿಯಾ 1 ಕಿಲೋ, ಸೂಪರ್ ಫಾಸ್ಫೇಟ್ 750 ಗ್ರಾಂ, ಪೊಟ್ಯಾಷ್ ಅರ್ಧ ಕಿಲೋ, ಮೆಗ್ನೀಷಿಯಂ ಸಲ್ಫೇಟ್ 250 ಗ್ರಾಂ. ಬಳ್ಳಿಗೆ ತಿಂಗಳಿಗೊಮ್ಮೆ ಕಾಲು ಲೀಟರ್. ಮನೆಮಟ್ಟಿಗೆ 10 ಲೀಟರ್ ಬಕೆಟ್‌ಗೆ ಇಳಿಸಿದರೆ ಯೂರಿಯಾ 40, ಸೂಪರ್ 30, ಪೊಟ್ಯಾಷ್ 20, ಮೆಗ್ನೀಷಿಯಂ ಸಲ್ಫೇಟ್ 10 ಗ್ರಾಂ. ಒಂದು ಬಕೆಟ್ 40 ಬಳ್ಳಿಗೆ. ಅಂದರೆ ಒಂದು ಬಳ್ಳಿಗೆ ಬೀಳುವ ಯೂರಿಯಾ ತಿಂಗಳಿಗೆ ಬರೀ 1 ಗ್ರಾಂ! ನಾನು ಆ ವರ್ಷ ಹಿಡಿ ಲೆಕ್ಕದಲ್ಲಿ ಹಾಕಿದ್ದು ನೆನೆದರೆ ಈಗಲೂ ನಾಚಿಕೆ. ಸೂಪರ್ ಫಾಸ್ಫೇಟ್ ಪೂರ್ತಿ ಕರಗುವುದಿಲ್ಲ. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಒಣ ತೊಟ್ಟೆಗೆ ಇದನ್ನು ಹೊಯ್ಯಬೇಡಿ. ಮೊದಲು ಬರಿ ನೀರು, ಆಮೇಲೆ ದ್ರಾವಣ.

ಇಲ್ಲಿ ಬರುವ ಮಾಮೂಲು ದೂರು ಎಂದರೆ, ಬಳ್ಳಿ ಮುಂದೆ ಹೋದ ಹಾಗೆ ಎಲೆ ಸಣ್ಣದಾಗುತ್ತದೆ. ತಾಯಿಗೆ ಮತ್ತಷ್ಟು ಗೊಬ್ಬರ ಕೊಡುವ ಮೊದಲು ಮಧ್ಯದ ಯಾವುದಾದರೂ ಗೆಣ್ಣನ್ನು ಮೆಲ್ಲಗೆ ಮೇಲೆತ್ತಿ ನೋಡಿ. ಸುಲಭವಾಗಿ ಎದ್ದು ಬಂದರೆ ಆ ಗೆಣ್ಣು ಬೇರು ಬಿಟ್ಟಿಲ್ಲ, ಕಡ್ಡಿ ಸಡಿಲಾಗಿದೆ. ಅಂಥ ನಾಲ್ಕೈದು ಗೆಣ್ಣಿದ್ದರೆ ಅಷ್ಟೂ ಬಾಯಿಗೆ ಒಬ್ಬಳೇ ತಾಯಿ ಉಣಿಸಬೇಕು. ಕಡ್ಡಿ ಬಿಗಿ ಮಾಡಿ, ದ್ರಾವಣವನ್ನು ಎಲ್ಲ ತೊಟ್ಟೆಗೂ ಸ್ವಲ್ಪ ಸ್ವಲ್ಪ ಹಂಚಿ. ಎಲೆಯ ತುದಿ ಸುಟ್ಟು ತೊಟ್ಟೆಯ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ಜಾಸ್ತಿಯಾಗಿದೆ. ಒಂದು ತಿಂಗಳು ಊಟ ಬಂದ್, ಬರಿ ನೀರು ಹರಿಯಬಿಟ್ಟು ತೊಳೆಯಿರಿ.

ಒಂದು ಮಾತು ಬೋರ್ಡೋ ಬಗ್ಗೆ. ತಾಯಿಗೆ ಮಳೆಗೆ ಮುಂಚೆ 1 ಶೇಕಡಾ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲೇಬೇಕು. ಆದರೆ ಟ್ರೈಕೋಡರ್ಮಾ ಹಾಕಿದ ಬುಡಕ್ಕೇ ತಾಮ್ರದ ಔಷಧಿಯನ್ನೂ ಹೊಯ್ದು, ಎರಡೂ ಕೆಲಸ ಮಾಡಲಿಲ್ಲ ಅಂತ ದೂರುವವರಿದ್ದಾರೆ. ತಾಮ್ರ ಆ ಒಳ್ಳೇ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎಲೆಗೆ ಬೋರ್ಡೋ, ಬುಡಕ್ಕೆ ಟ್ರೈಕೋಡರ್ಮಾ.

ಗಿಡ ಚೆನ್ನಾಗಿದೆ, ಹಬ್ಬುವುದೇ ಇಲ್ಲ

ಇದು ತಮಾಷೆಯ ದೋಷ, ಆದರೆ ಗೊತ್ತಾಗುವಾಗ ವರ್ಷ ಕಳೆದಿರುತ್ತದೆ. ಬೇರು ಬಂತು, ಚಿಗುರು ಬಂತು, ಅಡಿಕೆ ಮರದ ಬುಡಕ್ಕೆ ನೆಟ್ಟಾಯಿತು. ಗಿಡ ಮರ ಹತ್ತುವ ಬದಲು ಪೊದೆಯಾಗಿ ಕೂತು, ಮೊಣಕಾಲೆತ್ತರದಲ್ಲೇ ಕರೆ (ಕಾಳು ಕಟ್ಟುವ ತೆನೆ) ಬಿಡತೊಡಗುತ್ತದೆ. ಊಟದ ತಪ್ಪಲ್ಲ, ರೋಗವೂ ಅಲ್ಲ. ಕುಡಿ ತೆಗೆಯುವವರು ಹಬ್ಬು ಕುಡಿ ಸಾಲದೆ ಕಾಯಿ ಬಿಡುವ ಅಡ್ಡ ರೆಂಬೆಯನ್ನು ಕತ್ತರಿಸಿ ತಂದಿದ್ದಾರೆ. ಆ ರೆಂಬೆ ಎಲ್ಲಿ ನೆಟ್ಟರೂ ಅಡ್ಡ ರೆಂಬೆಯೇ. ಗುರುತು ಸುಲಭ. ಹಬ್ಬು ಕುಡಿಯ ಪ್ರತಿ ಗೆಣ್ಣಿನಲ್ಲೂ ಅಂಟು ಬೇರಿನ ಮೊಳಕೆ ಇರುತ್ತದೆ, ಅಡ್ಡ ರೆಂಬೆಯಲ್ಲಿ ಇರುವುದಿಲ್ಲ. ನೆಟ್ಟಾಗಿದ್ದರೆ ಕಿತ್ತು ದೊಡ್ಡ ಕುಂಡಕ್ಕೆ ಹಾಕಿ ಅಂಗಳದಲ್ಲಿಡಿ. ಪೊದೆ ಮೆಣಸು ಅಂತ ಪೇಟೆಯಲ್ಲಿ ದುಡ್ಡು ಕೊಟ್ಟು ತರುತ್ತಾರೆ, ನಿಮಗೆ ಪುಕ್ಕಟೆ ಸಿಕ್ಕಿದೆ. ಸಾರಿಗೆ ನಾಲ್ಕು ಹಸಿ ಕಾಳು ಬೇಕೆಂದಾಗ ಏಣಿ ಹಾಕುವುದು ತಪ್ಪುತ್ತದೆ.